ಕಾಲು ಇಂಚು

ರೈಲು ಹಳಿಯ ಮೇಲಿನ ಸೇತುವೆ, ಅದರ ಜೋಡಣೆಯ ಮೇಲೆ
ಎಡಗಾಲಿ ಹತ್ತಿ ಇಳಿಯಿತಂತೆ, ಅಷ್ಟೆ.
ನಲವತ್ತೈದು ಮೈಲಿ ವೇಗ.
ಆಮೇಲೆ ಸ್ಟೇರಿಂಗು ಕೈಯೊಳಗೆ ಇರಲಿಲ್ಲ.
"ಕತ್ತರಿ ಕಂಡ ಟಗರಿನ ಹಾಗೆ ಕೊಸರಿತು" ಎಂದ ಬೆನ್ಯಾತ್.
ಎಂಬತ್ತೊಂದು ತುಂಬಿದ ಕುರಿಗಾಹಿ,
ಅವನಿಗೆ ಹೋಲಿಕೆಗಳು ಅಲ್ಲೇ ಸಿಗುತ್ತವೆ.

ಪಿಕಪ್ಪು ತೊಂಬತ್ತೇಳರದು. ಹಸಿರು ಎನ್ನಬೇಕು,
ನೆವಾಡದ ಬಿಸಿಲು ಬಿಟ್ಟುಕೊಟ್ಟಷ್ಟು ಹಸಿರು.
ಹಿಂದೆ ಉಪ್ಪಿನ ಚೀಲ, ಬೇಲಿ ತಂತಿ, ಒಕ್ಕಣ್ಣಿನ ನಾಯಿ.
ಮೂರು ಲಕ್ಷ ಮೈಲಿ ದಾಟಿದ ಮೇಲೆ
ಮೀಟರು ಎಣಿಕೆ ಬಿಟ್ಟಿದೆ, ಯಜಮಾನನೂ.

ವಿನೆಮಕ್ಕದಲ್ಲಿ ಯಾರೋ ಟೈರ್ ಬ್ಯಾಲೆನ್ಸ್ ಮಾಡಿದರು.
ತಂಗಿಯ ಮಗ ಡ್ಯಾಂಪರ್ ಬದಲಿಸಿದ,
ಎರಡು ತಿಂಗಳು ಸುಮ್ಮನಿತ್ತು, ಮತ್ತೆ ಬದಲಿಸಿದ.
ಡ್ಯಾಂಪರ್ ಎಂದರೆ ಅಳುವ ಮಗುವಿನ ಬಾಯಿಗೆ ಸಕ್ಕರೆ, ಎಂದೆ.
ಹೊಟ್ಟೆನೋವು ಇದ್ದಲ್ಲೇ ಇರುತ್ತದೆ.

ಜಾಕ್ ಏರಿಸಿದೆ.
ಗಡಿಯಾರದ ಹನ್ನೆರಡಕ್ಕೊಂದು ಕೈ, ಆರಕ್ಕೊಂದು ಕೈ,
ಗಾಲಿ ಅಲ್ಲಾಡಿಸಿದೆ. ಬಾಲ್ ಜಾಯಿಂಟು ಬಿಗಿ.
ಮೂರಕ್ಕೂ ಒಂಬತ್ತಕ್ಕೂ ಹಿಡಿದೆ. ಟೈ ರಾಡ್ ಕೊಂಚ ಮುದಿ,
ಆದರೆ ಸುಳ್ಳು ಹೇಳುವ ಮುದಿಯಲ್ಲ.
ಬೇರಿಂಗ್ ತಿರುಗಿಸಿ ಕಿವಿಗೊಟ್ಟೆ. ಏನೂ ಇಲ್ಲ.
ನಿಂತ ಗಾಡಿ ಎಷ್ಟು ಸಂಭಾವಿತ!
ಡಾಕ್ಟರ ಬಾಗಿಲಲ್ಲಿ ಮಾಯವಾಗುವ ಹಲ್ಲುನೋವು.

ಉಳಿದದ್ದು ಒಂದೇ. ಗಾಡಿ ನೆಲದ ಮೇಲೆ, ಎಂಜಿನ್ ಚಾಲೂ,
ಒಬ್ಬರು ಸೀಟಿನಲ್ಲಿ ಕೂತು ಸ್ಟೇರಿಂಗನ್ನು
ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಚೂರೇ ಚೂರು.
ಇನ್ನೊಬ್ಬರು ಕೆಳಗೆ ಮಲಗಿ
ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ಕಾಯಬೇಕು.
ನನ್ನ ಕೆಲಸದ ಹುಡುಗ ಕೋಲ್ಟನ್ ಕೂತ. ಹತ್ತೊಂಬತ್ತು ವರ್ಷ.
ಚೂರು ಎಂದರೆ ಅವನ ಮಟ್ಟಿಗೆ ಅರ್ಧ ಸುತ್ತು.
"ಕಡಿಮೆ ಮಾಡೋ" ಎಂದು ಕೂಗಿದೆ. ನಿಲ್ಲಿಸಿಯೇ ಬಿಟ್ಟ.
"ನಡುವಿನದು ಯಾವುದೂ ಬರಲ್ವಾ ನಿನಗೆ?"

ಬೆನ್ಯಾತ್ ಬಾಗಿಲ ಬಳಿ ನಿಂತಿದ್ದ,
ಎರಡೂ ಕೈ ಕೋಟಿನ ಜೇಬಿನಲ್ಲಿ.
ನಮ್ಮ ಜುಲೈ, ಶೆಡ್ಡಿನ ತಗಡು ಕಾದ ಕಾವಲಿ.
ಈ ಸೆಕೆಗೆ ಕೋಟು ಯಾಕೆಂದು ಯಾರೂ ಕೇಳಿರಲಿಲ್ಲ.
ಕಾಫಿ ಕೊಟ್ಟಾಗ ಬೇಡ ಎಂದನಲ್ಲ,
ಆಗಲೇ ನನಗೆ ಗೊತ್ತಾಗಬೇಕಿತ್ತು.
"ನಾನು ಕೂರಲಾ, ಡೆಲ್ಫಿನಾ?" ಎಂದ,
ಸಾಲ ಕೇಳುವ ದನಿಯಲ್ಲಿ.

ಕೂತ. ಕೈ ಇಟ್ಟ. ಅಷ್ಟೆ.
ತಿರುಗಿಸು ಎಂದು ನಾನು ಹೇಳಲಿಲ್ಲ,
ಅವನು ತಿರುಗಿಸಲೂ ಇಲ್ಲ.
ಸೆಕೆಂಡಿಗೆ ನಾಲ್ಕು ಸಲ, ಕಾಲು ಇಂಚು,
ಜರಡಿ ಹಿಡಿದಷ್ಟು ಹದವಾಗಿ
ಅವನ ನಡುಕ ಚಕ್ರದಿಂದ ಕಂಬಕ್ಕೆ ಇಳಿಯಿತು,
ಕಂಬದಿಂದ ಗೇರು ಪೆಟ್ಟಿಗೆಗೆ,
ಕಬ್ಬಿಣ ಕಬ್ಬಿಣ ದಾಟಿ
ನನ್ನ ತೋರುಬೆರಳಿಗೆ ಬಂತು.

ಟ್ರ್ಯಾಕ್ ಬಾರ್. ಫ್ರೇಮಿನ ಕಡೆಯ ಕೀಲು.
ಸರಳು ಸರಿಯಿತು, ಬ್ರಾಕೆಟ್ ಸರಿಯಲಿಲ್ಲ.
ಟಕ್. ಟಕ್. ಟಕ್.
ಕೈಗಡಿಯಾರದಷ್ಟು ಸಣ್ಣ ಸದ್ದು.
ಊರೆಲ್ಲ ಹುಡುಕಿದ ಕಳ್ಳ
ಅಡುಗೆಮನೆಯಲ್ಲೇ ಕೂತಿದ್ದ.

"ಹಾಗೇ ಇರಿ" ಎಂದೆ. "ಅಲ್ಲಾಡಬೇಡಿ."
ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.
ತುಕ್ಕು ತಿಂದ ಗಾಡಿತಳದ ಆಚೆ, ಮೇಲೆ,
ಮುದುಕ ನಗಲು ಶುರುಮಾಡಿದ. ನಿಲ್ಲಿಸಲಿಲ್ಲ.
ನಗುವೂ ಬೆರಳಿಗೆ ತಿಳಿಯಿತು, ಅದರ ಲಯ ಬೇರೆ.

ಹೊಸ ಬಾರಿಗೆ ನೂರ ಎಂಬತ್ತು ಡಾಲರು.
ಬೋಲ್ಟನ್ನು ಎರಡು ಮೊಳದ ಪಾನಾ ಹಾಕಿ ಬಿಗಿದೆ.
ಬಿಲ್ಲಿನಲ್ಲಿ 'ಪರೀಕ್ಷೆ, ಅರ್ಧ ಗಂಟೆ' ಎಂದು ಬರೆದು
ಹೊಡೆದುಹಾಕಿದೆ. ಅವನ ಕೆಲಸಕ್ಕೆ ಅವನಿಂದಲೇ ಕೂಲಿಯೇ?
ಲೆಕ್ಕ ತಪ್ಪಿತು ಎಂದ ಕೋಲ್ಟನ್.

ಸಂಜೆ ಗಾಡಿ ಸೇತುವೆ ಹತ್ತುವುದನ್ನು ನೋಡುತ್ತ ನಿಂತೆವು.
ಜೋಡಣೆಯ ಮೇಲೆ ಎಡಗಾಲಿ ಹತ್ತಿತು, ಇಳಿಯಿತು,
ಸೀದಾ ಹೋಯಿತು.
ಕೈಯ ವಿಷಯ, ಅಷ್ಟು ದೂರದಿಂದ ಹೇಳಲಾರೆ.
ನಾಯಿ ಮಾತ್ರ ಹಿಂದಕ್ಕೆ, ನಮ್ಮ ಕಡೆಗೆ,
ಇದ್ದ ಒಂದು ಕಣ್ಣು ಬಿಟ್ಟು ನೋಡುತ್ತಿತ್ತು.