ಇತರೆ

ರಿಜಿಸ್ಟರಿನಲ್ಲಿ ದನಕ್ಕೊಂದು ಸಾಲು, ಎಮ್ಮೆಗೊಂದು,
ಕುರಿ, ಮೇಕೆ, ಹಂದಿ, ನಾಯಿ,
ಕೊನೆಗೆ ಬೆರಳಗಲದ ಜಾಗ: ಇತರೆ.
ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ನಾನು ಬರೆದದ್ದು
ಒಂದು ನವಿಲು, ಸರ್ಕಸ್ಸಿನವರ ಒಂಟೆ,
ಮತ್ತೆ ಇವತ್ತು, ಧನುರ್ಮಾಸದ ಸೋಮವಾರ, ಹತ್ತೂಕಾಲಿಗೆ,
ಕನ್ನಡಕದ ಡಬ್ಬಿಯಲ್ಲಿ ಮಲಗಿ ಬಂದ
ಬೋಂಡ.

ಜಾತಿ ಹ್ಯಾಮ್‌ಸ್ಟರ್. ವಯಸ್ಸು ಏಳು ತಿಂಗಳು.
ತಂದವನು ಲಿಖಿತ್, ಐದನೇ ಕ್ಲಾಸು, ಪೆನ್ಷನ್ ಮೊಹಲ್ಲಾ.
ತಾಯಿ ಗೇಟಿನ ಹತ್ತಿರವೇ ನಿಂತರು,
ತಲೆಗಿಂತ ದೊಡ್ಡ ಹೆಲ್ಮೆಟ್ಟು, ತೆಗೆಯಲಿಲ್ಲ.

ತೂಕ ಬರೆಯಬೇಕು. ನಮ್ಮ ತಕ್ಕಡಿ ಕರುಗಳದು,
ಮುಳ್ಳು ಅಲುಗಲೇ ಇಲ್ಲ.
ಔಷಧದ ಪುಡಿ ತೂಗುವುದನ್ನು ಒಳಗಿಂದ ತಂದೆ.
ಮೂವತ್ತೊಂಬತ್ತು ಗ್ರಾಂ.

"ಮೊದಲು ಬೆಚ್ಚಗೆ ಮಾಡಿ ನೋಡೋಣ ದ್ಯಾವಣ್ಣ,"
ಅಂದರು ನಫೀಸಾ ಮೇಡಂ,
"ಚಳಿ ಹೆಚ್ಚಾದ್ರೆ ಇವು ಸತ್ತ ಹಾಗೇ ನಿದ್ದೆ ಹೋಗ್ತವೆ,
ಬದುಕಿರೋದನ್ನೇ ಹೂತುಬಿಟ್ಟವರಿದ್ದಾರೆ."
ಅರ್ಧ ಗಂಟೆ ಇಟ್ಟುಕೊಂಡೆ ಅಂಗೈಯಲ್ಲಿ,
ಕರು ಎಳೆದೆಳೆದು ಒರಟಾದ ಅಂಗೈ.
ಹುಡುಗ ಎಷ್ಟು ಹತ್ತಿರ ಬಗ್ಗಿದ್ದನೆಂದರೆ
ಅವನ ಉಸಿರಿಗೆ ಅದರ ರೋಮ ಅಲುಗಿ
ನನಗೇ ಒಂದು ಸಲ ಮೋಸವಾಯಿತು.
ಕಾಲು ಸೆಟೆದಿತ್ತು. ಬಿಸಿಯಾದದ್ದು ನನ್ನ ಕೈ.

ಮೇಡಂ ಕೇಳುತ್ತ ಹೋದರು, ಅವನು ಹೇಳುತ್ತ ಹೋದ.
ಬಾಲದ ಕೆಳಗೆ ಒದ್ದೆ? ಇಲ್ಲ, ದಿನಾ ನೋಡ್ತೀನಿ.
ಬೆಕ್ಕು? ಇಲ್ಲ. ಎತ್ತರದಿಂದ ಬಿತ್ತಾ? ಇಲ್ಲ.
ಸೊಳ್ಳೆಬತ್ತಿ? ಒಂದು ಸುತ್ತು. ಬಾಗಿಲು ತೆಗೆದಿತ್ತು.
ಈರುಳ್ಳಿ, ಚಾಕೊಲೇಟು, ಔಷಧಿ ಹೊಡೆದ ಸೊಪ್ಪು?
ಆಲೂಗಡ್ಡೆ?
ಇಲ್ಲಿ ಅವನು ನಿಧಾನವಾದ.
"ಸಿಪ್ಪೆ. ಒಂಚೂರು. ಹಸಿರಿತ್ತು.
ಹಾಕಿದ್ದು ಅಮ್ಮ. ಅವರಿಗೆ ಹೇಳ್ಬೇಡಿ."

ಹಾಸನದಲ್ಲಿ ಆಲೂಗಡ್ಡೆ ಬೇಯದ ಒಲೆ ಯಾವುದು!
ಹಸಿರು ತಿರುಗಿದ್ದನ್ನು ನಮ್ಮವ್ವ ಹಂದಿಗೂ ಹಾಕುತ್ತಿರಲಿಲ್ಲ,
ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.
ಮೇಡಂ ಬೇರೆಯದೇ ಹೇಳಿದರು:
ಒಂದೇ ಹೊಟ್ಟೆಯವನ್ನು ಜೋಡಿ ಮಾಡಿ
ಮರಿ ಮಾಡಿಸಿ ಮಾರುತ್ತಾರಂತೆ,
ಕೆಲವಕ್ಕೆ ಹುಟ್ಟುವಾಗಲೇ ಗುಂಡಿಗೆ ಸೋತಿರುತ್ತದಂತೆ.
ನೋವಿದ್ದರೂ ತೋರಿಸಿಕೊಳ್ಳುವ ಪ್ರಾಣಿಯಲ್ಲ,
ರಾತ್ರಿಯೆಲ್ಲ ಚಕ್ರ ತುಳಿಯುತ್ತೆ,
ಬೆಳಿಗ್ಗೆ ಇರಲ್ಲ.

"ಹಾರ್ಟಾ?" ಅಂದ ಹುಡುಗ.

ಈ ವರ್ಷ ನಮ್ಮೂರಲ್ಲಿ ಆ ಪದವನ್ನು
ಯಾರೂ ಗಟ್ಟಿಯಾಗಿ ಆಡುವುದಿಲ್ಲ.
ಮೂವತ್ತರ ಗಂಡಸರು ಟೀ ಅಂಗಡಿಯಲ್ಲಿ
ಮಾತಿನ ನಡುವೆ ಎಡಗಡೆ ಅಂಗಿ ಮುಟ್ಟಿಕೊಳ್ಳುತ್ತಾರೆ,
ಜೇಬಿನಲ್ಲಿ ಕೀ ಇದೆಯಾ ಎಂದು ನೋಡುವವರಂತೆ.

"ಅಪ್ಪನೂ ಹಿಂದಿನ ದಿನ ಚೆನ್ನಾಗಿದ್ರು.
ಬೋಂಡನ ಚಕ್ರ ಕಿರ್‌ಗುಟ್ಟುತ್ತೆ ಅಂತ
ಎಣ್ಣೆ ಬಿಟ್ರು ರಾತ್ರಿ."
ಗೇಟಿನ ಕಡೆ ನೋಡಿದೆ.
ಹೆಲ್ಮೆಟ್ಟು ಯಾರದೆಂದು ತಿಳಿಯಿತು.

ಕೊಯ್ದು ನೋಡಬಹುದು, ನೋಡಿದರೂ
ಗೊತ್ತಾಗದೇ ಇರಬಹುದು, ಎಂದರು ಮೇಡಂ,
ದೊಡ್ಡವರಿಗೆ ಹೇಳುವ ಹಾಗೇ.
"ಬೇಡ," ಅಂದ. "ಯಾರ್ದೂ ತಪ್ಪಿಲ್ಲ ಅಂತ ಬರೆದು
ಸೀಲ್ ಹಾಕ್ತೀರಾ? ಅಮ್ಮಂಗೆ ತೋರಿಸ್ಬೇಕು."

ಅಂಥದ್ದಕ್ಕೆ ಸರ್ಕಾರ ಕಾಲಮ್ಮು ಕೊಟ್ಟಿಲ್ಲ.
ಸಾವಿನ ಕಾರಣ ಎಂಬಲ್ಲಿ ಮೇಡಂ ಪೆನ್ನು
ಬಹಳ ಹೊತ್ತು ನಿಂತು, ಶಾಯಿ ಚುಕ್ಕೆಯಾಗಿ,
"ತಿಳಿದುಬಂದಿಲ್ಲ" ಎಂದು ಬರೆಯಿತು.
ಸೀಲು ನಾನು ಹಾಕಿದೆ. ಎರಡು ಸಲ.

ಡಬ್ಬಿಗೆ ಮತ್ತೆ ಮಲಗಿಸುವಾಗ
ಕೆನ್ನೆಯ ಚೀಲದಲ್ಲಿ ಏನೋ ಗಟ್ಟಿ ತಾಗಿತು.
ಮೆಲ್ಲಗೆ ಒತ್ತಿದೆ.
ನಾನು ಹುಡುಕಿದ್ದು, ಸುಳ್ಳೇಕೆ, ಸಿಪ್ಪೆ.
ಬಂದದ್ದು ಸೂರ್ಯಕಾಂತಿ ಬೀಜ,
ನಾಳೆಗೆಂದು ಎತ್ತಿಟ್ಟದ್ದು, ಐದು.

ಲಿಖಿತ್ ಅವನ್ನು ಮೇಜಿನ ಮೇಲೆ ಸಾಲಾಗಿಟ್ಟ,
ಬೆರಳಿಟ್ಟು ಎಣಿಸಿದ, ಮತ್ತೊಮ್ಮೆ ಎಣಿಸಿದ.
"ಆರು ಕೊಟ್ಟಿದ್ದೆ," ಅಂದ.
"ಒಂದು ತಿಂದಿದೆ."