ಮೂರನೆಯ ಕುಣಿಕೆ

ತಿಂಗಳ ಎರಡನೆಯ ಶನಿವಾರ
ತಿಮರು ಊರಿನ ಸಭಾಂಗಣದಲ್ಲಿ
ಕಿಟಕಿ ಪಕ್ಕದ ಕುಂಟು ಮೇಜು ನನ್ನದು.
ಬಂದೂಕು ಮಾರುವವರು ಆಚೆ ಸಾಲಿನಲ್ಲಿದ್ದಾರೆ,
ಪರವಾನಗಿ ನೋಡಿ ದನಿ ತಗ್ಗಿಸುವವರು.
ನಾನು ಬಂದೂಕಿನ ಹೊಟ್ಟೆಯ ಸಾಮಾನಿನವನು.

ಹಿಡಿಮರದ ಬಿಲದೊಳಗೆ ಮಲಗುತ್ತಿದ್ದ ಹಿತ್ತಾಳೆ ಎಣ್ಣೆಶೀಶೆ,
ಅದರ ಮುಚ್ಚಳಕ್ಕೆ ಹುಟ್ಟಿನಿಂದಲೇ ಅಂಟಿದ ಚಮಚ
(ಗುಗ್ಗೆಕಡ್ಡಿಯಷ್ಟೇ ಇದೆ, ನಗಬೇಡಿ),
ತಂತಿಬಲೆಯ ಚೂರು,
ಉದ್ದ ಮೂತಿಯ ತಗಡಿನ ಆಲಿಕೆ.
ಹಳೆಯ ತೋಟಾ ಸಿಡಿದರೆ ನಳಿಕೆಯಲ್ಲಿ ಉಪ್ಪು ಕೂರುತ್ತದೆ,
ಎಣ್ಣೆಗೆ ಜಗ್ಗುವುದಿಲ್ಲ,
ಕುದಿಯುವ ನೀರೇ ಹುಯ್ಯಬೇಕು.
ಉಪ್ಪು ತಿಂದವನು ನೀರು ಕುಡಿಯಲೇಬೇಕು
ಅನ್ನುವುದು ಕಬ್ಬಿಣಕ್ಕೂ ತಪ್ಪಿದ್ದಲ್ಲ.

ಅವತ್ತು ವಾಯವ್ಯದ ಬಿಸಿಗಾಳಿ.
ಬಾಗಿಲು ತೆರೆದಾಗಲೆಲ್ಲ ಬೆಲೆಚೀಟಿ ಹಾರಿ
ನಾನು ಮೇಜಿನಡಿ.
ಒಮ್ಮೆ ಎದ್ದು ನೋಡಿದರೆ ಎದುರಿಗೆ ಐಲ್ಸಾ ಮೆಕ್‌ಕ್ವಿಲ್ಲನ್,
ಎಂಬತ್ತು ದಾಟಿ ಲೆಕ್ಕ ಬಿಟ್ಟವಳು,
ಕೋಟಿನ ಜೇಬಿನಿಂದ ಸುರುಳಿ ಸುತ್ತಿದ ಹಗ್ಗವೊಂದನ್ನು
ಮೊಟ್ಟೆ ಇಟ್ಟಂತೆ ಇಟ್ಟಳು.

ನನ್ನದು ಕಳ್ಳಕಣ್ಣು.
ಮೊದಲು ನೋಡಿದ್ದು ತುದಿಯ ಹಿತ್ತಾಳೆ ತೂಕವನ್ನು:
ಸಪೂರ, ಹಳೆಯ ಮಾದರಿ, ಸವೆದ ಕಿರೀಟಮುದ್ರೆ.
ಒಳಗೊಳಗೇ ಬೆಲೆ ಕಟ್ಟಿದೆ,
ಅದನ್ನು ಅರ್ಧ ಮಾಡಿದೆ,
ಇನ್ನೇನು ಬಾಯಿಗೆ ತರಬೇಕು,

"ಮಾರಲಿಕ್ಕಲ್ಲ" ಅಂದಳು.
"ಬಟ್ಟೆ ಬೇಕಿತ್ತು. ಕೆಂಪು ಗೆರೆಯದು."

ಕೆಂಪು ಗೆರೆಯ ಫ್ಲಾನೆಲ್.
ನಾಲ್ಕಿಂಚಿಗೊಂದು ಗೆರೆ,
ಕತ್ತರಿ ಸಿಗದ ಮರುಭೂಮಿಯಲ್ಲೂ ಅಳತೆಗೆ ಹರಿದುಕೊಳ್ಳಲಿ ಎಂದು.
"ಯಾವ ಬಂದೂಕಿಗೆ?"
"ಬಂದೂಕನ್ನು ಅಪ್ಪ ಸತ್ತ ವಾರವೇ ಪೊಲೀಸರಿಗೆ ಕೊಟ್ಟೆವು.
ಇದು ಕ್ಲಾರಿನೆಟ್ಟಿಗೆ."

ಅಣ್ಣ ಲೆನಾರ್ಡನಿಗೆ ಆಗ ಹನ್ನೊಂದು,
ಊರ ಬ್ಯಾಂಡಿನವರು ಎರವಲು ಕೊಟ್ಟ ವಾದ್ಯ.
ನುಡಿಸಿ ಮುಗಿಸಿದರೆ ಒಳಗೆಲ್ಲ ಎಂಜಲು, ಉಸಿರಿನ ನೀರು,
ಹಾಗೇ ಬಿಟ್ಟರೆ ಮರ ಬಿರಿಯುತ್ತದೆ.
ಯುದ್ಧದ ಬಗ್ಗೆ ತುಟಿ ಬಿಚ್ಚದ ಅಪ್ಪ
ಎದ್ದು ಹೋಗಿ ರೈಫಲಿನ ಹಿಡಿಯೊಳಗಿಂದ
ಇದನ್ನು ಎಳೆದು ತಂದ.
ತೂಕ ಇಳಿಬಿಡು.
ಒಂದೇ ಎಳೆತ.
ನಡುವೆ ನಿಲ್ಲಿಸಬೇಡ.
ಮಗನಿಗೆ ಅವನು ಕಲಿಸಿದ್ದು ಅಷ್ಟು.

ಈಗ ನುಡಿಸುವವಳು ಇವಳೇ, ಗಂಟು ಬೆರಳಿನಲ್ಲಿ,
ಕೆಟ್ಟದಾಗಿ. ಅವಳದೇ ಮಾತು.

ನಾನು ಬಲ್ಲವನ ಠೀವಿಯಲ್ಲಿ ಶುರು ಮಾಡಿದೆ:
ನೋಡಿ, ಹಗ್ಗಕ್ಕೆ ಮೂರು ಕುಣಿಕೆ.
ಒಂದು ತಂತಿಬಲೆಗೆ, ಒಂದು ಬಟ್ಟೆಗೆ,
ಈ ಕೊನೆಯದು, ನಡುವೆ ಎಲ್ಲಾದರೂ ಸಿಕ್ಕಿಬಿದ್ದರೆ
ಹಿಂದಕ್ಕೆ ಎಳೆದು ತೆಗೆಯಲು.
ಸಿಕ್ಕಿಬಿದ್ದದ್ದನ್ನು ಯಾವ ಸಿಪಾಯಿಯೂ ಬಾಯಿಬಿಡುವುದಿಲ್ಲ.
ನೂರಾರು ಹಗ್ಗ ನನ್ನ ಕೈದಾಟಿವೆ,
ಮೂರನೆಯದು ಯಾವಾಗಲೂ ಬೆಳ್ಳಗೆ,
ಅಂಗಡಿಯಿಂದ ಬಂದ ಹಾಗೆ.

ಅಂದೆ. ಆಮೇಲೆ ನೋಡಿದೆ.
ಇದು ಕಪ್ಪು.
ನಾರೆಲ್ಲ ಕೂತು ಚರ್ಮದಂತೆ ನಯ.

"ಇದಾ?" ಅಂದಳು, ಬೆರಳು ತೂರಿಸಿ ತೆಗೆದು.
"ಲೆನಾರ್ಡ್ ಅಭ್ಯಾಸ ಮಾಡುವಾಗ
ಅಪ್ಪ ಕತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ.
ಹೆಬ್ಬೆರಳಿಗೆ ಇದನ್ನು ಸಿಕ್ಕಿಸಿಕೊಂಡು.
ಪಾಠ ಮುಗಿದ ಮೇಲೂ ಎಷ್ಟೋ ಹೊತ್ತು ಕೊಡುತ್ತಿರಲಿಲ್ಲ,
ವಾದ್ಯ ಒದ್ದೆಯಾಗೇ ಇರುತ್ತಿತ್ತು,
ಅಮ್ಮ ಬಯ್ಯುತ್ತಿದ್ದಳು."

ಗೆರೆ ಹಿಡಿದು ಹರಿದೆ, ಹನ್ನೆರಡು ತುಂಡು.
ಆ ಸದ್ದಿಗೆ ಆಚೆ ಸಾಲಿನವರು ತಿರುಗಿ ನೋಡಿದರು.
ದುಡ್ಡು ಬೇಡ ಅಂದೆ.
ಅವಳು ಕೇಳಿಸದವಳಂತೆ ಚಿಲ್ಲರೆ ಎಣಿಸಿಟ್ಟಳು.
ತೆಗೆದುಕೊಂಡೆ:
ಆಗಷ್ಟೇ ಅರ್ಧ ಬೆಲೆ ಕಟ್ಟಿದವನಿಗೆ
ಧಾರಾಳ ಒಪ್ಪುವುದಿಲ್ಲ.

ಬಾಗಿಲು ತೆರೆಯಿತು, ಬಿಸಿಗಾಳಿ,
ಚೀಟಿಗಳೆಲ್ಲ ಮತ್ತೆ ನೆಲಕ್ಕೆ.
ಯಾವ ಚೀಟಿ ಯಾವುದರದು ಅಂತ
ಸಂಜೆಯವರೆಗೂ ಹೊಂದಿಸುತ್ತಿದ್ದೆ.