ಜೊಳ್ಳು

ಹಳೇ ದಾವಣಗೆರೆ, ಮಂಡಕ್ಕಿ ಭಟ್ಟಿಯ ಕೊನೇ ಗಲ್ಲಿ.
ಒಪ್ಪಿಗೆ ಪತ್ರ ಹದಿನಾಲ್ಕು ಪುಟ, ಓದಿ ಹೇಳಿದೆ ಎಲ್ಲ.
ಖೈರುನ್‌ಬೀ ಕೇಳಿದ್ದು ಒಂದೇ:
"ಇದ್ರಾಗೆ ಔಷಧಿ ಐತೋ, ಬರೇ ಹಿಟ್ಟೋ?"

ನನಗೂ ಗೊತ್ತಿಲ್ಲ, ಅಂದೆ. ಡಾಕ್ಟರಿಗೂ ಗೊತ್ತಿಲ್ಲ.
ಚೀಟಿ ಎತ್ತಿದ ಕಂಪ್ಯೂಟರಿಗೆ ಗೊತ್ತು,
ಅದು ಬಾಯಿ ಬಿಡುವುದಿಲ್ಲ.

ನಕ್ಕಳು. ನಗು ಅರ್ಧಕ್ಕೇ ಕೆಮ್ಮಾಯಿತು.
ಮೂವತ್ತು ವರ್ಷ
ಹೊಟ್ಟು, ಹಳೇ ಟೈರು ಉರಿವ ಒಲೆಯ ಮುಂದೆ
ಕಾದ ಮರಳಲ್ಲಿ ಅಕ್ಕಿ ಅರಳಿಸಿದವಳು
ಕ್ಯಾಪ್ಸೂಲನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು,
ಭತ್ತ ನೋಡುವ ಹಾಗೆ:
ಗಟ್ಟಿಯೋ, ಜೊಳ್ಳೋ.

ಆಮೇಲೆ ಹೆಬ್ಬೆಟ್ಟು.
ಶಾಯಿಗೆ ಮೊದಲೇ ಕಪ್ಪಾಗಿದ್ದ ಹೆಬ್ಬೆಟ್ಟು.

ತಿಂಗಳಿಗೊಮ್ಮೆ ಬಂದು ನಳಿಗೆಗೆ ತುಟಿ ಕೊಟ್ಟು ಊದುತ್ತಾಳೆ.
ಇನ್ನೂ, ಇನ್ನೂ, ಇನ್ನೂ, ಕೂಗುತ್ತೇನೆ ನಾನು,
ಹೆರಿಗೆ ಮಾಡಿಸುವವಳ ಹಾಗೆ.
ಪರದೆಯ ಮೇಲೊಂದು ಗೆರೆ ದಿಬ್ಬ ಹತ್ತಿ
ಬೇಗನೆ ಕೂತುಬಿಡುತ್ತದೆ.
ಸೊನ್ನೆ ನಲವತ್ತೊಂದು, ಎಂದು ಬರೆಯುತ್ತೇನೆ.
ಹೆಸರು ಬರೆಯುವಂತಿಲ್ಲ.

ಆರನೇ ತಿಂಗಳು:
"ಮಗಳ ಮನೆ ಮೆಟ್ಲು ನಿಲ್ಲದೇ ಹತ್ತಿದೆ."
ಗೆರೆ ಮಾತ್ರ ಅಲ್ಲೇ ಇತ್ತು, ಕೂದಲೆಳೆಯಷ್ಟೂ ಏರದೆ.
ಎರಡನ್ನೂ ಬರೆದೆ, ಬೇರೆ ಬೇರೆ ಕಾಲಂನಲ್ಲಿ.
ಗುಟ್ಟು ಒಡೆಯಲು ಇನ್ನೂ ಎರಡು ವರ್ಷ.

ಎದ್ದು ಹೋಗುವಾಗ ಮೇಜಿನ ಮೇಲೆ ಪೊಟ್ಟಣ ಇಟ್ಟಳು,
ಇನ್ನೂ ಬೆಚ್ಚಗಿದ್ದ ಮಂಡಕ್ಕಿ.
ತಗೊಳ್ಳುವಂತಿಲ್ಲ, ನಿಯಮ ಇದೆ, ಅಂದೆ.
"ಇದ್ರಾಗೂ ಗಾಳಿನೇ ಅಲ್ವೇನ್ರೀ ಮೇಡಂ,
ಹೊಟ್ಟೆ ತುಂಬಲ್ವಾ?"

ಫಾರಂ ಮೇಲೆ ನಾಲ್ಕು ಕಾಳು ಉದುರಿದ್ದವು.
ಆರಿಸಿ ತಿಂದೆ.